ನಮ್ಮ ಸಾಮಿಲ್ಲು ಶೋರೂಮಾಗಲು ಹೊರಟದ್ದು

ಸಾಮಿಲ್ಲಿನಲ್ಲಿ ಕೆಲಸ ಮಾಡುವವಳಿಗೆ ಸಿಟ್ಟು ಬರಿಸಲು ಯಾರೂ ಕಷ್ಟಪಡಬೇಕಾಗಿಲ್ಲ. ಬೆಳಿಗ್ಗೆ ಗೇಟು ತೆಗೆದರೆ ಸಾಕು, ಸಿಟ್ಟು ಚಪ್ಪಲಿ ಹಾಕಿಕೊಂಡೇ ಒಳಗೆ ಬರುತ್ತದೆ.

ನಾನು ಓದಿದ್ದು ಹತ್ತನೇ ಕ್ಲಾಸು. ಮಗಳನ್ನು ಅಂಗನವಾಡಿಗೆ ಬಿಟ್ಟು, ಕೆ.ಜಿ.ಎಫ್.ನಿಂದ ಬಸ್ಸು ಹಿಡಿದು ಬಂಗಾರಪೇಟೆಗೆ ಬರುತ್ತೇನೆ. ಸೇರಿದಾಗ ಮರದ ಹೊಟ್ಟು ಮೂಟೆ ಕಟ್ಟುವ ಕೆಲಸ. ಈಗ ದಿಮ್ಮಿ ಅಳೆಯುವುದು, ಗರಗಸಕ್ಕೆ ಗುರುತು ಹಾಕಿಕೊಡುವುದು, ಗಿರಾಕಿಗಳ ಬಾಯಿಗೆ ಸಿಕ್ಕುವುದು ಎಲ್ಲ ನಾನೇ.

ಈ ವರ್ಷ ನಮ್ಮ ಸಾಹುಕಾರರಿಗೆ ಹೊಸ ಗೀಳು ಹತ್ತಿತು.

"ಈಗ ಮರ ಯಾರಮ್ಮ ತಗೋತಾರೆ? ಎಲ್ಲಾ ರೆಡಿಮೇಡ್ ಬಾಗಿಲು. ಗರಗಸ ಮಾರಿ ಶೋರೂಮ್ ಮಾಡ್ತೀನಿ. ಬೇತಮಂಗಲದೋರು ಬಂದು ಗರಗಸ ನೋಡ್ಕೊಂಡೂ ಹೋದ್ರು. ತಿಂಗಳ ಕೊನೆಗೆ ಎತ್ಕೊಂಡು ಹೋಗ್ತಾರೆ."

"ಮತ್ತೆ ನಾನು?"

"ಶೋರೂಮಿಗೆ ಇಂಗ್ಲಿಷ್ ಬರೋ ಹುಡುಗಿ ಬೇಕಲ್ಲಮ್ಮಾ. ನೀನು ಬೇರೆ ಕಡೆ ನೋಡ್ಕೊ."

ಬಾಗಿಲಿಗೆ ಇಂಗ್ಲಿಷ್ ಯಾಕೆ ಬೇಕು, ಅದೇನು ಬಂದವರಿಗೆ ಗುಡ್ ಮಾರ್ನಿಂಗ್ ಹೇಳುತ್ತದೆಯೇ ಎಂದು ಕೇಳಿದೆ. ಸಾಹುಕಾರರು ಫೋನು ಬಂದವರ ಹಾಗೆ ಎದ್ದು ಹೋದರು. ಫೋನು ಮೇಜಿನ ಮೇಲೆಯೇ ಇತ್ತು.

ಮೂಗಿನಲ್ಲಿ ಮರ ಅಳೆಯುವವರು

ಬೂದಿಕೋಟೆ ಕಡೆಯ ಒಬ್ಬ ಯಜಮಾನರು ತೇಗದ ಮರಕ್ಕೆ ಬಂದರು. ನಾನು ಟೇಪು ಹಿಡಿದು ಎದುರಿಗೇ ನಿಂತಿದ್ದೇನೆ, ಅವರು ನನ್ನ ತಲೆಯ ಮೇಲಿಂದ ಆಚೆ ನೋಡುತ್ತಾ, "ಗಂಡಸ್ರು ಯಾರೂ ಇಲ್ವೇನಮ್ಮಾ?" ಎಂದರು.

"ಇದ್ದಾರೆ, ಉಣ್ತಾವ್ರೆ. ಮರ ನಾನು ತೋರಿಸ್ತೀನಿ ಬನ್ನಿ."

"ಎಂಗಸ್ರಿಗೇನು ಗೊತ್ತಾಯ್ತದೆ ಮರದ ಇಸ್ಯ? ನಮ್ಮ ವಂಸಕ್ಕೇ ಮರದ ಗ್ಯಾನ ಐತೆ."

ನಾನು ತೋರಿಸಿದ ಒಳ್ಳೆಯ ತೇಗವನ್ನೆಲ್ಲ ತಟ್ಟಿ, ಮೂಸಿ, "ಇದು ಡೂಪ್ಲಿಕೇಟು" ಎಂದರು. ಕೊನೆಗೆ ಮೂಲೆಯ ರಾಶಿಯ ಮರೆಯಿಂದ ಚಾಚಿದ್ದ ಒಂದು ಹಲಗೆಯ ತುದಿ ಮೂಸಿ ಕಣ್ಣು ಮುಚ್ಚಿದರು. "ಇದು ನೋಡು, ಅಸಲಿ ಬರ್ಮಾ ತೇಗ! ಇಷ್ಟೊತ್ತು ಬಚ್ಚಿಟ್ಟಿದ್ರಿ. ಇದೇ ಬೇಕು."

ಅದು ನೀಲಗಿರಿ ಮರದ ಬೆಂಚು. ಎಷ್ಟು ಹೇಳಿದರೂ ಕೇಳಲಿಲ್ಲ.

"ಆಯ್ತು, ತಗೊಂಡು ಹೋಗಿ," ಎಂದೆ. "ಆದರೆ ಹಮಾಲಿಗಳು ಅದರ ಮೇಲೆ ಕೂತು ಮುದ್ದೆ ಉಣ್ತಾವ್ರೆ. ಅವರನ್ನ ಎಬ್ಬಿಸೋ ಕೆಲಸ ನಿಮ್ಮ ವಂಶದೋರೇ ಮಾಡಿ."

ಮರಕ್ಕೆ ಮರ

ಈಗ ನೀಲಗಿರಿ ಕಿತ್ತು, ಬೇಗ ಬೆಳೆದು ದುಡ್ಡು ಕೊಡುತ್ತದೆಂದು ಹೆಬ್ಬೇವು ನೆಡುವ ಕಾಲ. ಕಾಮಸಮುದ್ರದ ರೈತರೊಬ್ಬರು ಹೋದ ವರ್ಷ ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ, ರಾಗಿ ಬಿತ್ತುವ ಹೊಲಕ್ಕೆಲ್ಲ ಹೆಬ್ಬೇವು ನೆಟ್ಟರು. ಆರು ತಿಂಗಳಾಗಿರಲಿಲ್ಲ, ಫೋಟೋ ಹಿಡಿದು ಬಂದರು.

"ನೋಡವ್ವಾ, ಏನು ರೇಟು ಕೊಡ್ತೀರಾ?"

ಫೋಟೋದಲ್ಲಿ ಗಿಡದ ಪಕ್ಕ ಅವರ ಮೇಕೆ ನಿಂತಿತ್ತು. ಮೇಕೆಯೇ ಎತ್ತರ.

"ಅಣ್ಣಾ, ಮೇಕೆಗಾದ್ರೆ ಈಗ್ಲೇ ರೇಟು ಸಿಗ್ತದೆ," ಎಂದು ಕಳಿಸಿದೆ.

ಈ ವರ್ಷ ಗಾಳಿ ಬೀಸಿದ ಮೇಲೆ ಮತ್ತೆ ಬಂದರು. ಗಿಡವೇನೋ ಉದ್ದ ಬೆಳೆದಿತ್ತು, ಆದರೆ ಎಲ್ಲ ಒಂದೇ ಕಡೆಗೆ ವಾಲಿತ್ತಂತೆ. ವರ್ಷದ ರಾಗಿ ಹೋಯಿತು, ಹೇಳಿದವನು ಮಾತ್ರ ಮೊಬೈಲಿನಲ್ಲಿ ಹಾಯಾಗಿ ನಗುತ್ತಿದ್ದಾನೆ. ಮರ ಮಾರುತ್ತೇನೆಂದು ಬಂದ ಮನುಷ್ಯ, ತನ್ನ ಮರ ಬೀಳದ ಹಾಗೆ ಆಸರೆ ಕೊಡಲು ನಮ್ಮಲ್ಲೇ ಒಂದು ಟೆಂಪೋ ನೀಲಗಿರಿ ಕಂಬ ಕೊಂಡು ಹೋದರು.

ಒಂದೇ ಗಂಟು

ಸಾಹುಕಾರರು ಮಾದರಿಗೆಂದು ನಾಲ್ಕು ರೆಡಿಮೇಡ್ ಬಾಗಿಲು ತರಿಸಿದರು. ಒಳಗೆ ಪ್ಲಾಸ್ಟಿಕ್ ಬೆರೆಸಿದ ಹೊಟ್ಟು, ಮೇಲೆ ತೇಗದ ಚಿತ್ರ. ನಾನು ವರ್ಷಗಟ್ಟಲೆ ಮೂಟೆ ಕಟ್ಟಿದ ಹೊಟ್ಟೇ ಪೌಡರ್ ಬಳಿದುಕೊಂಡು ನನ್ನ ಕೆಲಸ ಕೀಳಲು ಬಂದಿತ್ತು.

ಕೆ.ಜಿ.ಎಫ್. ಗಣಿಯವರ ಲೈನ್ ಮನೆಗಳಿಂದ ಒಬ್ಬ ತಮಿಳು ಅಜ್ಜಿ, ನಾವೆಲ್ಲ ಪಾಟಿ ಎನ್ನುವವರು, ಬಾಗಿಲು ನೋಡಲು ಬಂದರು. ನಾಲ್ಕನ್ನೂ ನೋಡಿ, ನಾಲ್ಕಕ್ಕೂ ಒಂದೇ ಜಾಗದಲ್ಲಿ ಬೆರಳಿಟ್ಟರು.

"ಏನಪ್ಪಾ, ನಾಲ್ಕಕ್ಕೂ ಇಲ್ಲೇ ಗಂಟು. ಎಲ್ಲಾ ಒಂದೇ ತಾಯಿ ಮಕ್ಕಳಾ?"

ಸಾಹುಕಾರರು ಬೆವರು ಒರೆಸಿಕೊಂಡು, "ಕಂಪನಿ ಮಾಲು ಪಾಟಿ. ಗಂಟೂ ಸ್ಟ್ಯಾಂಡರ್ಡ್ ಸೈಜು!" ಎಂದರು.

ಸಾಹುಕಾರರ ಮನೆ

ಅದೇ ತಿಂಗಳು ಸಾಹುಕಾರರು ಹೊಸ ಮನೆ ಮುಗಿಸಿ, ಜನ ನೋಡಲಿ ಎಂದು ತಲೆಬಾಗಿಲಿಗೂ ಆ ರೆಡಿಮೇಡ್ ಮಾಲನ್ನೇ ಕೂರಿಸಿದರು. ಗೃಹಪ್ರವೇಶಕ್ಕೆ ಎರಡು ದಿನ ಇದ್ದಾಗ ಅವರ ಹೆಂಡತಿ, ಗಂಡ ಇಲ್ಲದ ಹೊತ್ತು ನೋಡಿ, ಆಟೋದಲ್ಲಿ ಸಾಮಿಲ್ಲಿಗೆ ಬಂದರು. ಸಿಟ್ಟಿನಲ್ಲಿ ಮುಖ ಕೆಂಪಗಾಗಿತ್ತು.

"ಆ ಚೌಕಟ್ಟಿಗೆ ಎರಡು ಪಕ್ಕ ಐತೆ, ಮೇಲೈತೆ. ಕೆಳಗೆ ಹೊಸ್ತಿಲೇ ಇಲ್ಲ ಕಣೇ! ಕೇಳಿದ್ರೆ ಫ್ಯಾಷನ್ನು ಅಂತಾರೆ. ನಾನು ಅರಿಶಿನ ಎಲ್ಲಿ ಹಚ್ಚಲಿ, ಟೈಲ್ಸಿಗಾ? ಒಳ್ಳೇ ಮರ ಕುಯ್ಸಿ ಕೊಡು. ಅವ್ರಿಗೆ ಹೇಳ್ಬೇಡ."

"ಕೊಡ್ತೀನಿ ಅಕ್ಕಾ, ಬೇಗ ಕೂರಿಸ್ಬಿಡಿ. ಮುಂದಿನ ತಿಂಗಳು ಇಲ್ಲಿ ಗರಗಸಾನೂ ಇರಲ್ಲ, ನಾನೂ ಇರಲ್ಲ."

ಅವರು ನನ್ನನ್ನೇ ನೋಡಿದರು. ನಾನು ಹೊನ್ನೆ ಮರ ಆರಿಸಿ ಗುರುತು ಹಾಕಿದೆ. ಗೃಹಪ್ರವೇಶದ ದಿನ ಬೆಳಿಗ್ಗೆ, ಸಾಹುಕಾರರು ಹೂವು ತರಲು ಹೋದಾಗ, ಆಚಾರಿ ಹೊಸ್ತಿಲು ಕೂರಿಸಿಬಿಟ್ಟ.

ನೆಂಟರು ಬಂದರು, ನಾನೂ ಹೋಗಿದ್ದೆ. ಸಾಹುಕಾರರು ಅಂಗಳದಲ್ಲಿ ನಿಂತು, "ಗೆದ್ದಲು ಹಿಡಿಯಲ್ಲ, ಎಡವೋಕೆ ಹೊಸ್ತಿಲಿಲ್ಲ, ಕಣ್ಣು ಮುಚ್ಕೊಂಡು ಒಳಗೆ ಬರಬಹುದು," ಎಂದು ಬಾಗಿಲು ಹೊಗಳುತ್ತಾ, ಜನರ ಕಡೆ ಮುಖ ಮಾಡಿಕೊಂಡೇ ಹಿಂದಕ್ಕೆ ಹೆಜ್ಜೆ ಇಟ್ಟರು. ಹಿಮ್ಮಡಿ ಹೊಸ್ತಿಲಿಗೆ ತಗುಲಿತು. ರೇಷ್ಮೆ ಪಂಚೆಯಲ್ಲಿ ಸಾಹುಕಾರರು ನಡುಮನೆಯಲ್ಲಿ ಕೂತಿದ್ದರು.

"ಯಾರು ಇದನ್ನ ಇಲ್ಲಿಟ್ಟೋರು?"

"ನಾನೇ," ಎಂದರು ಹೆಂಡತಿ, ಕುಂಕುಮದ ಬಟ್ಟಲು ಹಿಡಿದು. "ಕುಯ್ಸಿ ಕೊಟ್ಟೋಳು ಇವಳು. ಇವಳನ್ನ ಕೆಲಸದಿಂದ ಕಳಿಸಿದ್ರೆ ನೀವೂ ಅಲ್ಲೇ ಕೂತಿರಿ."

ಯಾರೂ ಅವರನ್ನು ಎಬ್ಬಿಸಲಿಲ್ಲ. ನೆಂಟರ ಹೆಂಗಸರೆಲ್ಲ ನನ್ನನ್ನು ಸುತ್ತಿಕೊಂಡಿದ್ದರು. "ನಮ್ಮನೇಲೂ ಇಂಥದೇ ಬಾಗ್ಲು ಕಣಮ್ಮ, ಹೊಸ್ತಿಲಿಲ್ಲ. ಮೂರಡಿ ಕುಯ್ಸಿ ಕೊಡ್ತೀಯಾ?" "ನಮಗೆ ಮೂರೂವರೆ!" "ನಮಗೆ ಎರಡು ಬೇಕು!"

ಕೈ ಕೊಟ್ಟು ಎತ್ತೋಣವೆಂದು ನಾನೇ ಸಾಹುಕಾರರ ಹತ್ತಿರ ಹೋದೆ. ಅವರು ಕೂತಲ್ಲಿಂದಲೇ ಕೈ ಅಡ್ಡ ಮಾಡಿದರು.

"ಮೊದಲು ಅಳತೆ ಬರ್ಕೊಳಮ್ಮಾ. ಆಮೇಲೆ ಬೇತಮಂಗಲಕ್ಕೆ ಫೋನ್ ಮಾಡಿ ಗರಗಸ ಕೊಡಲ್ಲ ಅಂತ ಹೇಳು. ಆಮೇಲೆ ನನ್ನ ಎಬ್ಬಿಸು."