ಉಕ್ಕಿನ ಮನ್ಯಾಗ ಈಶಾನ್ಯ ಎಲ್ಲೈತಿ?

ಮನಿ ತಗೊಂಡವರಿಗೆ ಏನಾರ ಒಂದು ಆಗೇ ಆಗ್ತೈತಿ. ಯಾರದೋ ಬೇಸ್‌ಮೆಂಟು ಸೋರ್ತೈತಿ, ಯಾರದೋ ಮನಿ ಬೆಚ್ಚಗಿಡೋ ಫರ್ನೇಸು ಕೈ ಕೊಡ್ತೈತಿ. ನಮಗ ಗ್ವಾಡಿಗಳ ಕೈ ಕೊಟ್ಟವು.

೨೦೧೭ರ ಚಳಿಗಾಲ. ಪರದೇಶಕ್ಕ ಬಂದು ರೆಕ್ಸ್‌ಡೇಲ್‌ನ್ಯಾಗ ನಾವು ತಗೊಂಡದ್ದು ಉಕ್ಕಿನ ಮನಿ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಇರಾಕ ಮನಿ ಸಾಲದಾದಾಗ, ಫ್ಯಾಕ್ಟರ್ಯಾಗ ಹಲಗಿ ಹಲಗಿ ತಯಾರ್ ಮಾಡಿ, ಲಾರ್ಯಾಗ ತಂದು, ಬೋಲ್ಟ್ ಬಿಗಿದು ನಿಲ್ಲಿಸಿದ್ರಂತ. ಒಳಗ, ಹೊರಗ, ಮ್ಯಾಲ ಎಲ್ಲಾ ಉಕ್ಕು. ನಮ್ಮಜ್ಜಿ ಕಾಲದ ಇನಾಮೆಲ್ ತಾಟಿಗೆ ಇರ್ತಿತ್ತಲ್ಲ, ಅಂಥಾದ್ದ ಬಣ್ಣ. ನನಗ ನೋಡಿದ ಕೂಡ್ಲೆ ಮನಸ್ಸಿಗೆ ಬಂತು. ಹೆಂಡತಿಗೆ ಬರಲಿಲ್ಲ.

"ವಾಸ್ತು ನೋಡೋರು ಬಂದು ದೇವರ ಮೂಲಿ ಯಾವುದು ಅಂತ ಹೇಳೂತನಕ ನಾ ಸೂಟ್‌ಕೇಸ್ ಖಾಲಿ ಮಾಡೂದಿಲ್ಲ. ಸರಿ ಇಲ್ಲ ಅಂದ್ರ ಮಾರಿಬಿಡೂದು" ಅಂದ್ಲು.

ವಾಸ್ತುದವರಿಗೆ ಮೂರು ವಾರ ಪುರಸೊತ್ತಿರಲಿಲ್ಲ. ಆಕಿ ದಿನಾ ಸೂಟ್‌ಕೇಸಿಂದ ಸ್ವೆಟರ್ ತಗದು, ಸಂಜಿಗೆ ಮಡಚಿ ಮತ್ತ ಅದರಾಗ ಇಡ್ತಿದ್ಲು.

೧. ಮೊಳಿ

ತೀರಿಕೊಂಡ ಮಾವನವರ ಫೋಟೋ ಗ್ವಾಡಿಗೆ ಹಾಕಬೇಕಿತ್ತು. ಮೊಳಿ ಬಡದೆ. ಮೊಳಿ ಸೊಟ್ಟಾತು, ಮನಿ ತುಂಬ ಗುಡಿ ಗಂಟಿ ಬಾರಿಸಿದಂಗ ಸಪ್ಪಳಾತು. ಬಾಜೂ ಮನಿ ಪಂಜಾಬಿ ಅಜ್ಜ ಗಾಬರಿಯಾಗಿ ಓಡಿ ಬಂದ. "ಈ ಗ್ವಾಡಿಗೆ ಮೊಳಿ ನಡೆಯೂದಿಲ್ಲ ಪುತ್ತರ್, ಮ್ಯಾಗ್ನೆಟ್ ಹಚ್ಚು" ಅಂತ ಹಿಂದಿಯೊಳಗ ಬುದ್ಧಿ ಹೇಳಿದ.

ನಾಲ್ಕು ಮ್ಯಾಗ್ನೆಟ್ ತಂದು ಮಾವನವರನ್ನ ಅಂಟಿಸಿದೆ. ಆದರ ಬಾಗಲಾ ಸ್ವಲ್ಪ ಜೋರಾಗಿ ಹಾಕಿದ್ರ ಸಾಕು, ಅವರು ಮೆಲ್ಲಕ ಜಾರಿ ನೆಲಕ್ಕ ಬರ್ತಿದ್ರು. ಪ್ರತಿ ಸಲ ಹೆಂಡತಿ ಫೋಟೋ ಎತ್ತಿ ಒರಸಿ ಹೇಳ್ತಿದ್ಲು: "ಅಪ್ಪಗೂ ಈ ಮನಿ ಒಗ್ಗಿಲ್ಲ ನೋಡ್ರಿ."

೨. ತಗಡು

ಹುಬ್ಬಳ್ಳಿಯಿಂದ ಅತ್ತಿಯವರು ವಿಡಿಯೋ ಕಾಲ್ ಮಾಡಿದ್ರು. ಮನಿ ತೋರಸ್ರಿ ಅಂದ್ರು, ತೋರಿಸಿದೆ.

"ತಗಡಿನ ಶೆಡ್ಡೇನ್ರಿ ಇದು?"

"ತಗಡಲ್ರಿ ಅತ್ತಿ, ಉಕ್ಕು."

ಅತ್ತಿ ಅಂದ್ರು: "ನಮ್ಮ ಓಣಿ ಸೈಕಲ್ ಶಾಪಿನವನೂ ಸ್ಲ್ಯಾಬ್ ಹಾಕಿಸಿಕೊಂಡ, ಅಳಿಯಂದ್ರ."

೩. ಅಭಿಮಾನಿಗಳು

ಒಂದು ರವಿವಾರ ಓಕ್‌ವಿಲ್‌ನಿಂದ ಬಿಳಿ ಗಂಡ-ಹೆಂಡತಿ ಬಂದ್ರು. ಹಳೇ ಮನಿಗಳ ಅಭಿಮಾನಿಗಳಂತ. ಗ್ವಾಡಿ ಮುಟ್ಟಿ ಮುಟ್ಟಿ ನೋಡಿದ್ರು. ಆಯಪ್ಪನ ಕಣ್ಣಾಗ ನೀರ ಬಂತು. "ಇದು ಇತಿಹಾಸ. ದಯಮಾಡಿ ಒಂದು ಬೋಲ್ಟೂ ಬದಲಿಸಬ್ಯಾಡ್ರಿ" ಅಂದ್ರು.

ನನ್ನ ಹೆಂಡತಿ ಚಹಾ ಕೊಟ್ಟು ಕೇಳಿದ್ಲು: "ಅಷ್ಟು ಪ್ರೀತಿ ಇದ್ರ ನೀವ ತಗೊಳ್ರಿ. ಇವತ್ತ ಬಿಟ್ಟುಕೊಡ್ತೀವಿ."

ಇಬ್ಬರೂ ಕಪ್ ಕೆಳಗಿಟ್ರು. "ಇಂಥಾ ಥಂಡಿ ಮನ್ಯಾಗ ಯಾರ ಇರ್ತಾರ?" ಅಂದು ಕೋಟಿನ ಗುಂಡಿ ಹಾಕ್ಕೊಂಡ್ರು.

೪. ದಿಕ್ಕು

ಕಡೀಕ ವಾಸ್ತುದವರು ರಿಚ್ಮಂಡ್ ಹಿಲ್‌ನಿಂದ ಬಂದ್ರು. ಬೆಂಗಳೂರಿನವರು. ಐದು ದಿನ ಬ್ಯಾಂಕಿನ ಕೆಲಸ, ಶನಿವಾರ ವಾಸ್ತು. ಮಖಮಲ್ ಡಬ್ಬಿಯಿಂದ ದಿಕ್ಸೂಚಿ ತಗದು ಹಾಲ್‌ನ್ಯಾಗ ನಿಂತು, ಅಡಗಿಮನಿ ಕಡೆ ಕೈ ತೋರಿಸಿ "ಉತ್ತರ" ಅಂದ್ರು. ಎರಡು ಹೆಜ್ಜಿ ಇಟ್ರು, ಉತ್ತರ ಬಾಗಲಿಗೆ ಹೋತು. ಅಡಗಿಮನ್ಯಾಗ ಹೋದ್ರ ಮುಳ್ಳು ಅವರ ಹೊಟ್ಟಿನ ತೋರಸ್ತಿತ್ತು. ಫೋನ್ ತಗದು ನೋಡಿದ್ರು. ಫೋನು ಮತ್ತೊಂದು ಹೇಳ್ತು. ಸುತ್ತ ಎಲ್ಲಾ ಉಕ್ಕು, ಪಾಪ, ಮುಳ್ಳರ ಏನ ಮಾಡೀತು?

"ಸೂರ್ಯ ಆ ಎದುರಿನ ಮನಿ ಹಿಂದ ಹುಟ್ತಾನ್ರಿ, ಅದ ಪೂರ್ವ" ಅಂದೆ.

"ಸೂರ್ಯನ್ನ ನಂಬ್ಕೊಂಡು ವಾಸ್ತು ಹೇಳೋಕಾಗುತ್ತಾ ಸಾರ್? ಇಲ್ಲಿ ಅವನು ವಾರಕ್ಕೊಂದ್ಸಲ ಬರ್ತಾನೆ."

ಹೆಂಡತಿ ಕೈ ಕಟ್ಟಿ ನಿಂತಿದ್ಲು. "ಈಶಾನ್ಯ ಎಲ್ಲೈತಿ ಹೇಳ್ರಿ."

ಅವರು ಬೆವರು ಒರಸಿಕೊಂಡ್ರು. "ಅಮ್ಮಾ, ಇಂಥಾ ಮನೆ ನಾನು ಕಂಡೇ ಇಲ್ಲ. ಇಲ್ಲಿ ಎಲ್ಲಾ ಮೂಲೆನೂ ಈಶಾನ್ಯನೇ. ದೇವರನ್ನ ಎಲ್ಲಿಟ್ರೂ ಶುಭ."

ನನಗ ಹೋದ ಜೀವ ಬಂತು. ಆಕಿ ಬಿಡಬೇಕಲ್ಲ?

"ಹಂಗಾದ್ರ ಬಾತ್‌ರೂಮೂ ಈಶಾನ್ಯದಾಗ ಬಂತಲ್ರಿ?"

ದೇವರ ಮೂಲ್ಯಾಗ ಕಕ್ಕಸು ಅಂದ್ರ ವಾಸ್ತುದಾಗ ಅದಕ್ಕಿಂತ ದೊಡ್ಡ ದೋಷ ಇಲ್ಲ. ಮನಿ ಹೋತು ಅಂದ್ಕೊಂಡೆ. ಅವರು ದಿಕ್ಸೂಚಿ ಹಿಡಕೊಂಡು ಬಾತ್‌ರೂಮಿಗೆ ಹೋಗಿ ಬಾಗಲಾ ಹಾಕ್ಕೊಂಡ್ರು. ಒಳಗ ಬೀಡುಕಬ್ಬಿಣದ ಟಬ್ ಬ್ಯಾರೆ ಇತ್ತು. ಐದು ಮಿನಿಟಿಗೆ ಹೊರಗ ಬಂದ್ರು, ಮುಖದ ಮ್ಯಾಲ ಕಳೆ ಬಂದಿತ್ತು.

"ಅಮ್ಮಾ, ಒಳಗೆ ಮುಳ್ಳು ನಿಲ್ತಾನೇ ಇಲ್ಲ. ಅಲ್ಲಿ ದಿಕ್ಕೇ ಇಲ್ಲ. ದಿಕ್ಕೇ ಇಲ್ಲದ ಕಡೆ ದೋಷ ಹೆಂಗಮ್ಮ ಬರುತ್ತೆ?"

ಆಕಿ ತಾನ ಒಂದ್ಸಲ ಬಾತ್‌ರೂಮಿನ್ಯಾಗ ಇಣಕಿ ನೋಡಿ ಬಂದ್ಲು. ಆಮ್ಯಾಲ ಸೂಟ್‌ಕೇಸ್ ಪೂರ್ತಿ ಖಾಲಿ ಮಾಡಿ, ತಳದಾಗಿನ ಬೋಗುಣಿ ತಗದು ಹಾಲು ಕಾಯಾಕ ಇಟ್ಲು. ಮನಿ ಹೊಕ್ಕ ದಿನ ಹಾಲು ಪೂರ್ವಕ್ಕ ಉಕ್ಕಬೇಕಂತಾರ. ನಮ್ಮದು ಬುಸ್ ಅಂತ ಎದ್ದು ಸ್ಟೋವ್ ತುಂಬ ಹರೀತು.

"ಪೂರ್ವಕ್ಕ ಉಕ್ಕಿತೇನ?" ಅಂತ ಹೆದರಿಕೋತ ಕೇಳಿದೆ.

"ನಾಲ್ಕೂ ಕಡೆ ಉಕ್ಕೇತಿ" ಅಂದ್ಲು. "ಪೂರ್ವ ಅದರಾಗ ಎಲ್ಲೋ ಇದ್ದ ಇರ್ತೈತಿ. ನೀವು ಮೊದಲ ಸ್ಟೋವ್ ಒರಸ್ರಿ."