ತುರಿಕೆಯವರ ಸನ್ನಿಧಿಗೆ, ಕೆರೆದು ಕೆಟ್ಟ ಗುಮಾಸ್ತನ ಅರಿಕೆ

ಬೇಲೂರು, ೧೨ ಫೆಬ್ರವರಿ ೧೯೯೯

ನನ್ನ ನೆತ್ತಿಯ ಖಾಯಂ ನಿವಾಸಿಗಳಾದ ಶ್ರೀಯುತ ತುರಿಕೆಯವರಿಗೆ,

ಮಾನ್ಯರೇ,

ಸುಳಿಯಿಂದ ಕಿವಿಯ ಹಿಂಬದಿಯವರೆಗೆ ಎರಡು ವರ್ಷ ಆಳಿದ ತಮಗೆ ತಲೆಬಾಗಿ ನಮಸ್ಕಾರಗಳು. ತಲೆ ಬಾಗಿದಾಗ ಉದುರುವ ತಮ್ಮ ಹೊಟ್ಟಿಗೂ ಪ್ರತ್ಯೇಕ ನಮಸ್ಕಾರ. ಬೆಳಿಗ್ಗೆ ತೊಟ್ಟ ನೀಲಿ ಷರಟಿನ ಹೆಗಲ ಮೇಲೆ ಹತ್ತು ಗಂಟೆಗೆಲ್ಲ ಅದರ ಹಾಜರಿ ಬಿದ್ದಿರುತ್ತಿತ್ತು. ನಮ್ಮ ಕಛೇರಿಯಲ್ಲಿ ವೇಳೆಗೆ ಸರಿಯಾಗಿ ಬರುತ್ತಿದ್ದುದು ಅದೊಂದೇ ಎಂಬುದನ್ನು ಮೆಚ್ಚುಗೆಯಿಂದ ದಾಖಲಿಸುತ್ತೇನೆ. ಕಛೇರಿ ಯಾವುದೆಂದು ಮಾತ್ರ ಬರೆಯಲಾರೆ, ನನಗಿನ್ನೂ ಹದಿನೆಂಟು ವರ್ಷ ಸರ್ವಿಸ್ ಇದೆ.

ಅರ್ಜಿ ತೆಗೆದುಕೊಳ್ಳುವ ಮೇಜಿನಲ್ಲಿ ಹದಿನಾಲ್ಕು ವರ್ಷದಿಂದ ಕೂತಿರುವ ನಾನು ಅರ್ಜಿದಾರರ ಒಂದು ಲೋಟ ಕಾಫಿಯನ್ನೂ ಕುಡಿದವನಲ್ಲ. ಜಂಬವೆನ್ನುವುದಾದರೆ ಎನ್ನಿ, ನನ್ನ ಬಳಿ ಇರುವುದು ಅದೊಂದೇ ಆಸ್ತಿ. ಆದರೆ ನಮ್ಮ ಸೀಮೆಯ ಒಂದು ಪದ್ಧತಿ ತಮಗೆ ತಿಳಿದಂತಿಲ್ಲ. ಇಲ್ಲಿ ಕುರ್ಚಿಯ ಮೇಲಿರುವವನು ಅರ್ಜಿ ನೋಡಿ ತಲೆ ಕೆರೆದುಕೊಂಡರೆ ಅದು ತುರಿಕೆಯಲ್ಲ, ಮಾತು. 'ಏನಾದರೂ ಕೈ ಬಿಚ್ಚಿ' ಎಂಬುದನ್ನು ಬಾಯಿ ಬಿಡದೆ ಹೇಳುವ ಕ್ರಮ ಅದು. ಅಕ್ಷರ ಬಾರದವರಿಗೂ ಈ ಭಾಷೆ ಚೆನ್ನಾಗಿ ಬರುತ್ತದೆ.

ತಮ್ಮ ಸೇವೆಯಲ್ಲಿ ನಾವು ಕೊರತೆ ಮಾಡಲಿಲ್ಲ. ನನ್ನ ಹೆಂಡತಿ ಲತಾಮಣಿಯ ತವರಿನವರು ಜಾವಗಲ್ಲಿನ ತೆಂಗಿನ ತೋಟದವರಾದ್ದರಿಂದ ಎಣ್ಣೆಗೆ ಬರವಿಲ್ಲ. ದಿನಾ ಬೆಳಿಗ್ಗೆ ನೆತ್ತಿ ನೆನೆಯುವಷ್ಟು ತಟ್ಟಿದಳು. ನಿಂಬೆರಸ ಹಚ್ಚಿ ಉರಿಯಿಂದ ಕುಣಿದೆ, ಬೇವು ಅರೆದು ಮೆತ್ತಿದೆ, ಬಾಚಣಿಗೆಯ ಹಲ್ಲಿನಿಂದ ರಕ್ತ ಬರುವವರೆಗೆ ಕೆರೆದೆ. ತಾವು ಎಲ್ಲವನ್ನೂ ಸ್ವೀಕರಿಸಿ ಇನ್ನಷ್ಟು ಸಮೃದ್ಧರಾದಿರಿ.

ಹೀಗಿರುವಾಗ ಹುಲಿಕೆರೆಯ ಸಣ್ಣತಾಯಮ್ಮ ವಿಧವಾ ವೇತನಕ್ಕೆಂದು ಬಂದರು. ನನ್ನೆದುರಿಗೆ ಅರ್ಜಿಯ ಮೇಲೆ ಒಂದು ಹೆಬ್ಬೆಟ್ಟು ಒತ್ತಿದ್ದರೆ ಕೆಲಸ ಮುಗಿಯುತ್ತಿತ್ತು. ಸರಿಯಾಗಿ ಆಗಲೇ ತಮಗೆ ಉತ್ಸಾಹ ಬಂತು, ನಾನು ಕೆರೆದುಕೊಂಡೆ. ಮುದುಕಿ ನನ್ನನ್ನೊಮ್ಮೆ ನೋಡಿ, "ಮುಂದ್ಲ ವಾರ ಬತ್ತೀನಿ ಸ್ವಾಮಿ" ಎಂದು ಹೋದವರು ಚೀಲದಲ್ಲಿ ಕೋಳಿ ಇಟ್ಟುಕೊಂಡು ಬಂದರು. ನನಗೆ ಗಾಬರಿಯಾಯಿತು. ಗಾಬರಿಯಾದರೆ ತಾವು ದುಪ್ಪಟ್ಟಾಗುತ್ತೀರಿ. ನನ್ನ ಬಾಯಿ ಬೇಡ ಬೇಡ ಎನ್ನುತ್ತಿತ್ತು, ಕೈ ಕೆರೆಯುತ್ತಿತ್ತು; ಆಕೆ ನಂಬಿದ್ದು ಕೈಯನ್ನು. "ಸಾಲ್ದೇನೋ" ಎಂದುಕೊಂಡು ಎದ್ದು ಹೋದರು. ಮರುವಾರ ಕೋಳಿಯ ಜೊತೆಗೆ ಹುಂಜವೂ ಬಂತು, ನಾನು ಎರಡೂ ಕೈಯಲ್ಲಿ ಕೆರೆದುಕೊಂಡೆ. ಆಮೇಲೆ ಆಕೆ ಬರುವುದನ್ನೇ ಬಿಟ್ಟರು.

ಕೊನೆಗೆ ನಾನೇ ಅರ್ಜಿಯನ್ನೂ ಶಾಯಿಯ ಡಬ್ಬಿಯನ್ನೂ ಹಿಡಿದು ಹುಲಿಕೆರೆಗೆ ಹೋದೆ. ಬಾಗಿಲಲ್ಲಿ ನನ್ನನ್ನು ಕಂಡ ಸಣ್ಣತಾಯಮ್ಮ ಕೈ ಮುಗಿದು, "ಮನೆಗಂಟ ಬಂದ್ಬುಟ್ರಾ ಸ್ವಾಮಿ? ಇನ್ನೇನೂ ಉಳ್ದಿಲ್ಲ. ಮೇಕೆ ಮರಿ ಒಂದೈತೆ, ಅದ್ನೇ ಹಿಡ್ಕೊಂಡೋಗಿ" ಎಂದು ಹಗ್ಗ ಬಿಚ್ಚತೊಡಗಿದರು. ಹೆಬ್ಬೆಟ್ಟು ಒತ್ತಿಸಿಕೊಂಡು ಓಡಿಬಂದೆ. ನಾಚಿಕೆಯಿಂದ ಬಸ್ಸಿನಲ್ಲಿ ಅತ್ತುಬಿಟ್ಟೆ, ಮಾನ್ಯರೇ; ಅಳುವಾಗಲೂ ತಾವು ಬಿಡಲಿಲ್ಲ.

ಮಾರನೆಯ ದಿನ ಅರಸೀಕೆರೆಯ ಚರ್ಮದ ಡಾಕ್ಟರ ಬಳಿ ಹೋದೆ. ಅವರು ನೆತ್ತಿಯನ್ನು ಮುಟ್ಟಿ, "ಇದು ಕೊಳೆಯಲ್ಲ ಕಣ್ರೀ, ಎಣ್ಣೆ ತಿಂದು ಬೆಳೆಯೋ ಬೂಷ್ಟು. ಇರುವೆ ಓಡ್ಸೋಕೆ ಸಕ್ಕರೆ ಚೆಲ್ತಿದ್ದೀರಲ್ಲ!" ಎಂದರು. ಎಣ್ಣೆ ಬಂದ್. ವಾರಕ್ಕೆರಡು ಸಲ ಔಷಧಿಯ ಶಾಂಪು ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುವುದು, ಉಗುರು ಕತ್ತರಿಸುವುದು, ಚಿಂತೆ ಕಡಿಮೆ ಮಾಡುವುದು. ಪೂರ್ತಿ ಹೋಗುತ್ತದೆಯೇ ಎಂದರೆ, "ಹೋಗಲ್ಲ. ಹದ್ದುಬಸ್ತಿನಲ್ಲಿಡಬಹುದು" ಎಂದರು. ಜಮೀನಿನ ಹದ್ದುಬಸ್ತಿನ ಅರ್ಜಿಗಳು ವರ್ಷಗಟ್ಟಲೆ ಕೊಳೆಯುವುದನ್ನು ಕಂಡ ನನಗೆ ನಂಬಿಕೆ ಬರಲಿಲ್ಲ, ಆದರೆ ತಾವು ನಾಲ್ಕೇ ವಾರದಲ್ಲಿ ಗಡಿ ಒಪ್ಪಿಕೊಂಡಿರಿ.

ಮರಳಿ ಬರುವವರೇ ಎಂದು ಗೊತ್ತಿರುವುದರಿಂದ ಕೆಲವು ಬಿನ್ನಹಗಳಿವೆ. ದಯಮಾಡಿ ಸರ್ಕಾರಿ ರಜಾ ದಿನಗಳಲ್ಲಿ ಮಾತ್ರ ಬನ್ನಿ. ಬರುವುದಕ್ಕೆ ಏಳು ದಿನ ಮೊದಲು ಲಿಖಿತ ನೋಟೀಸು ಕೊಡಿ. ಅದಾಗದಿದ್ದರೆ 'ಇದು ಬರಿಯ ತುರಿಕೆ' ಎಂದು ನನ್ನ ಹಣೆಗೊಂದು ಮೊಹರು ಒತ್ತಿ.

ಮೊನ್ನೆ ಸೋಮವಾರ ಸಣ್ಣತಾಯಮ್ಮನವರ ವೇತನ ಮಂಜೂರಾಗಿ ಬಂತು. ಹೇಳಿಕಳಿಸಿ, ಎರಡೂ ಕೈ ಮೇಜಿನ ಮೇಲೆ ಕಾಣುವಂತೆ ಇಟ್ಟುಕೊಂಡು, ಆದೇಶದ ಕಾಗದವನ್ನು ಮುಂದೆ ಸರಿಸಿದೆ. ಆಕೆ ಮುಟ್ಟಲಿಲ್ಲ. ನನ್ನ ಕೈಯನ್ನೇ ನೋಡಿ, "ತಲೆ ಕೆರ್ಕಳ್ಳಿಲ್ಲ. ಅಂಗಾರೆ ಇದು ಆಗೋ ಕೆಲ್ಸ ಅಲ್ಲ. ಸುಮ್ಕೆ ಕೊಟ್ಟಿದ್ದು ಆಮ್ಯಾಕೆ ಕಿತ್ಕತ್ತಾರೆ" ಎಂದು ಕಣ್ಣೊರೆಸಿಕೊಂಡರು. ನಿಜವಾದ ಕಾಗದವೆಂದು ಅರ್ಧ ಗಂಟೆ ಹೇಳಿದೆ. ಸೀಲು ತೋರಿಸಿದೆ. ಎದ್ದು ಹೊರಟೇಬಿಟ್ಟರು.

ಆಗ ನಾನು ತಲೆ ಕೆರೆದುಕೊಂಡೆ.

ಸಣ್ಣತಾಯಮ್ಮನವರ ಮುಖ ಅರಳಿತು. ಮಡಿಲಿನಿಂದ ಒಂದು ತೆಂಗಿನಕಾಯಿ ತೆಗೆದು ಮೇಜಿನ ಮೇಲಿಟ್ಟು, ಕಾಗದವನ್ನು ಕಣ್ಣಿಗೊತ್ತಿಕೊಂಡು ಹೋದರು. ಹದಿನಾಲ್ಕು ವರ್ಷದಲ್ಲಿ ನಾನು ಮುಟ್ಟಿದ ಮೊದಲನೆಯ ಕಾಯಿ ಅದು. ಆ ಹೊತ್ತಿಗೆ ನನ್ನ ನೆತ್ತಿಯಲ್ಲಿ ತಾವು ಇರಲಿಲ್ಲ ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತು.

ಉಗುರು ಕತ್ತರಿಸಿಕೊಂಡು ಕಾದಿರುವ,
ತಮ್ಮ ವಿಶ್ವಾಸಿ,
ಮರಿಯಣ್ಣ, ಗುಮಾಸ್ತ

ಮರೆತ ಮಾತು: ಕಾಯಿ ಕಂಡ ಪಕ್ಕದ ಮೇಜಿನ ಹಿರಿಯರು ಎದ್ದು ಬಂದು, "ಅಂತೂ ಕಲ್ತ್ರಲ್ಲ ಮರಿಯಣ್ಣ" ಎಂದು ಕೈ ಕುಲುಕಿದರು. ಅವರ ತಲೆಯಲ್ಲಿ ಹೊಟ್ಟಿರಲಿ, ಕೂದಲೇ ಇಲ್ಲ. ಆದರೂ ಹತ್ತರಿಂದ ಐದೂವರೆವರೆಗೆ ಕೆರೆದುಕೊಳ್ಳುತ್ತಾರೆ. ತಾವು ಬಿಡಾರ ಬದಲಿಸುವುದಾದರೆ ದಯವಿಟ್ಟು ಅಲ್ಲಿಗೆ ಹೋಗಿ. ಅವರ ಕೆರೆತವಾದರೂ ಪ್ರಾಮಾಣಿಕವಾಗಲಿ.