ಐದೂವರೆ ಇಂಚಿನ ಪೈಪು

ಸೋಮಲಿಂಗಪ್ಪನ ಹೆಂಡತಿ ಶಿವಕ್ಕ ಕಾಂಪೌಂಡಿನ ಆಚೆಗೆ ಆಡಿದ ಒಂದು ಮಾತೇ ಎಲ್ಲಕ್ಕೂ ಮೂಲ.

"ನಮ್ಮನೆಯವ್ರು ಎಲ್ಲಿ ಕೈಗೆ ಸಿಗ್ತಾರೆ ಯಶೋದಮ್ಮ? ಹಿತ್ತಲಲ್ಲಿ ಪೈಪ್ ಕೊರೀತಾ ಕೂತಿದಾರೆ."

ರಾಜಾಜಿನಗರದ ಆ ಬೀದಿಯ ನಲ್ಲಿಗಳು ವಾರದಿಂದ ಬರೀ ಗಾಳಿ ಬಿಡುತ್ತಿದ್ದವು. ಖಾಲಿ ಕೊಡ ಹಿಡಿದಿದ್ದ ಪಕ್ಕದ ಮನೆ ಯಶೋದಮ್ಮನಿಗೆ ನೀರು ಎಲ್ಲಿ ಹೋಗುತ್ತಿದೆಯೆಂದು ಹೊಳೆದೇಬಿಟ್ಟಿತು. ಕೊಡದ ಸಮೇತ ನೀರಿನ ಆಫೀಸಿಗೆ ನಡೆದರು.

ಪಾಪ, ಸೋಮಲಿಂಗಪ್ಪ ಕೊರೆಯುತ್ತಿದ್ದುದು ತಂಬಾಕಿನ ಪೈಪು. ಕಾರ್ಖಾನೆಯಲ್ಲಿ ಅವನು ಮರಗೆಲಸದವನು, ಇನ್ನೂ ಟೆಂಪರರಿ. "ನನ್ನ ಪೈಪ್ ಒಡೆದೋಯ್ತು ಕಣಯ್ಯ. ಅಂಥದೇ ಒಂದು ಮಾಡ್ಕೊಡು, ಪರ್ಮನೆಂಟ್ ಆರ್ಡರಿಗೆ ಸೈನ್ ಹಾಕ್ತೀನಿ" ಎಂದಿದ್ದರು ಮ್ಯಾನೇಜರ್ ಲಕ್ಷ್ಮೀಪತಿ. ಹುಣಸೆ ಬೇರನ್ನು ಬೇಯಿಸಿ, ಒಣಗಿಸಿ, ಕೆತ್ತಿದ್ದ. ಕೊಳವೆಯ ತೂತು ಬಟ್ಟಲಿನ ತಳಕ್ಕೇ ಬಂದು ಕೂಡಬೇಕು. ಕೂದಲೆಳೆ ತಪ್ಪಿದರೂ ಹೊಗೆ ಬಾರದು. ಹಾಗೆ ಕೆಟ್ಟ ಎರಡು ಒಲೆ ಸೇರಿದ್ದವು. ಮೂರನೆಯದು ಕೂಡಿತು! ಜೇನುಮೇಣ ತಿಕ್ಕಿದಾಗ ಬೇರಿನ ಗೆರೆಗಳು ಎದ್ದು ಬಂದವು. ತನ್ನ ಕೈಗೆ ತಾನೇ ಮುತ್ತಿಡಬೇಕೆನಿಸಿತು ಅವನಿಗೆ.

ಒಂದೇ ಅಳುಕು. ಬಾಯಿಗಿಡುವ ತುದಿಗೆಂದು ಕಾರ್ಖಾನೆಯ ಗುಜರಿಯಿಂದ ಎಬೊನೈಟ್ ಎಂಬ ಗಟ್ಟಿ ಕರಿ ರಬ್ಬರಿನ ತುಂಡೊಂದನ್ನು ಕೇಳದೆ ತಂದಿದ್ದ. ಅದೋ ಎಮರ್ಜೆನ್ಸಿಯ ಕಾಲ. ಯಾರನ್ನು ಯಾವಾಗ ಎತ್ತಿಕೊಂಡು ಹೋಗುತ್ತಾರೋ ಶಿವನಿಗೇ ಗೊತ್ತು.

ಬಾಗಿಲಲ್ಲಿ ಜೀಪು ನಿಂತಿತು. ಇಳಿದವರು ನೀರಿನ ಇನ್‌ಸ್ಪೆಕ್ಟರು. ಖಾಕಿ ಕಂಡದ್ದೇ ತಡ, ಗುಜರಿ ತುಂಡಿಗಾಗಿ ಪೊಲೀಸರೇ ಬಂದರೆಂದುಕೊಂಡ ಸೋಮಲಿಂಗಪ್ಪ. ಪೈಪನ್ನು ಜೇಬಿಗೆ ತುರುಕಿದ.

"ಪೈಪ್ ವಿಷಯ ಗೊತ್ತಾಗಿದೆ. ಪರ್ಮಿಶನ್ ಇದೆಯೇನ್ರಿ?"

"ಇಲ್ಲ ಸಾರ್. ತಪ್ಪಾಯ್ತು."

"ಎಷ್ಟು ಇಂಚು?"

"ಐದೂವರೆ ಸಾರ್."

ಇನ್‌ಸ್ಪೆಕ್ಟರು ಗೋಡೆ ಹಿಡಿದುಕೊಂಡರು. "ಐದೂವರೆ! ಮನೆಮನೆಗೆ ಅರ್ಧ ಇಂಚು ಕೊಡೋಕೇ ನಾವು ಸಾಯ್ತಾ ಇದೀವಿ!"

"ನಾನು ಹೇಳ್ಲಿಲ್ವಾ?" ಜೀಪಿನಲ್ಲೇ ಬಂದಿಳಿದಿದ್ದ ಯಶೋದಮ್ಮ ಕೊಡ ಕುಕ್ಕಿದರು.

"ಎಷ್ಟು ದಿನದಿಂದ ಸೇದ್ತಾ ಇದೀರಿ?"

"ಅಯ್ಯೋ, ನಾನು ಸೇದೋನಲ್ಲ ಸಾರ್! ಸೇದೋರು ನಮ್ಮ ಮ್ಯಾನೇಜರ್ ಲಕ್ಷ್ಮೀಪತಿ ಸಾಹೇಬ್ರು. ಬೆಳಗ್ಗೆ ಸಂಜೆ ಸೇದ್ಲೇಬೇಕು ಅವ್ರಿಗೆ."

"ಓಹೋ! ಅವರ ಮನೆ ಎಲ್ಲಿ?"

"ರಾಮಮಂದಿರದ ಹಿಂದಿನ ರಸ್ತೆ ಸಾರ್, ಹಸಿರು ಗೇಟು."

ಇನ್‌ಸ್ಪೆಕ್ಟರು ತಮ್ಮ ಆಳಿನ ಕಿವಿಯಲ್ಲಿ ಏನೋ ಹೇಳಿದರು. ಜೀಪು ಬುರ್ರೆಂದು ಹೊರಟಿತು. ಸಾಕ್ಷಿ ಹಿಡಿದು ತರಲು ಹೋದರೆಂದುಕೊಂಡು ಸೋಮಲಿಂಗಪ್ಪ ಜೇಬನ್ನು ಅದುಮಿ ಹಿಡಿದ.

"ಈಗ ಪೈಪ್ ತೋರ್ಸಿ."

ಜೇಬಿನಿಂದ ತೆಗೆದು ಅವರ ಅಂಗೈಯಲ್ಲಿಟ್ಟು, "ತುದಿಯ ತುಂಡೊಂದು ಮಾತ್ರ ಕಾರ್ಖಾನೆ ಗುಜರಿದು ಸಾರ್" ಎಂದ.

ಇನ್‌ಸ್ಪೆಕ್ಟರು ಅದನ್ನು ನೋಡಿದರು, ಯಶೋದಮ್ಮನನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಕುಸಿದು ನಕ್ಕರು. ಯಶೋದಮ್ಮ ತೆಪ್ಪಗೆ ಮನೆಯೊಳಗೆ ಸೇರಿಕೊಂಡರು.

"ಎಂಥಾ ಕೈಕೆಲ್ಸ ರೀ ಇದು! ಗುಜರಿ ತುಂಡು ಕಟ್ಕೊಂಡು ನಮಗೇನಾಗ್ಬೇಕು? ಹೋಗಿ, ಕೊಟ್ಬನ್ನಿ ನಿಮ್ಮ ಸಾಹೇಬ್ರಿಗೆ."

ಹೋದ ಜೀವ ಬಂದಂತಾಯಿತು. ಸೋಮಲಿಂಗಪ್ಪ ಪೈಪನ್ನು ರೇಷ್ಮೆ ಚೂರಿನಲ್ಲಿ ಸುತ್ತಿ, ಪರ್ಮನೆಂಟ್ ಸಂಬಳದ ಲೆಕ್ಕ ಹಾಕುತ್ತ ಓಡಿದ.

ಹಸಿರು ಗೇಟಿನ ಮುಂದೆ ನೆಲ ಅಗೆದುಬಿಟ್ಟಿದ್ದರು. ನಲ್ಲಿಯ ಕೊಳವೆ ಕಿತ್ತು ಬಿದ್ದಿತ್ತು. ಮೈತುಂಬ ಸೋಪಿನ ನೊರೆ, ಸೊಂಟಕ್ಕೊಂದು ಟವೆಲು, ಒಂದೇ ಕಣ್ಣು ತೆರೆದು ಲಕ್ಷ್ಮೀಪತಿಯವರು ನಿಂತಿದ್ದರು.

"ನಾನು ಕಳ್ಳ ಪೈಪಲ್ಲಿ ಸೇದ್ತೀನಂತೆ! ಕನೆಕ್ಷನ್ ಕಿತ್ಹಾಕಿ ಹೋದ್ರು! ನನ್ನ ಹೆಸರು ಹೇಳಿದ ಬಡ್ಡೀಮಗ ಯಾರೂಂತ ಗೊತ್ತಾಗ್ಲಿ, ಅವತ್ತೇ ಅವನ ಕೆಲ್ಸ ಕೀಳಿಸ್ತೀನಿ! ಏನಯ್ಯ, ನೀನ್ಯಾಕೆ ಬಂದೆ?"

ರೇಷ್ಮೆ ಚೂರಿನ ಪೊಟ್ಟಣವನ್ನು ಸೋಮಲಿಂಗಪ್ಪ ಆಗಲೇ ಮುಂದೆ ಚಾಚಿಬಿಟ್ಟಿದ್ದ. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಹೇಗೆ?

"ಸಾರ್... ಪೈಪ್ ತಂದಿದೀನಿ" ಎಂದುಬಿಟ್ಟ.